ಗಂಜಿ ಹೊತ್ತಿನ ಹಾಡು

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಈ ಮನೆಯವರು ಆಡುವ ಮಾತು ತುಳು, ಇಲ್ಲಿ ಬರೆದಿರುವುದು ಕನ್ನಡ. ಇದರಲ್ಲಿ ಬರುವುದು ಹಾಡಿನ ವಿಷಯ, ಹೇಳುವವರಿಗೆ ಸ್ವರಜ್ಞಾನ ಇಲ್ಲ. ಒಂದು ಮನೆಯ ಅಡುಗೆಯ, ಹಾಸಿಗೆಯ ಸಂಗತಿಯನ್ನು ಹೊರಗಿನವರು ಎತ್ತಿ ಆಡುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಇಲ್ಲ. ತಪ್ಪಿದ್ದಲ್ಲಿ ತಿಳಿದವರು ತಿದ್ದಿಕೊಂಡು ಓದಬೇಕು.

ಉಪ್ಪಳ ಪೇಟೆಯಿಂದ ಒಳಗೆ, ಮಂಗಲ್ಪಾಡಿ ಪಂಚಾಯತಿನ ಒಂದು ತಗ್ಗಿನಲ್ಲಿ ನಮಿತಾಳ ಮನೆ. ಎದುರಿಗೆ ಹಿಂದೆ ಗದ್ದೆ ಇತ್ತು. ಈಗ ಕೆಂಪು ಮಣ್ಣು ತುಂಬಿಸಿ ಮೂರು ಹೊಸ ಮನೆ ಎದ್ದಿವೆ, ಉಳಿದ ತುಂಡಿನಲ್ಲಿ ಹುಲ್ಲು. ಮನೆಯಲ್ಲಿ ನಾಲ್ಕು ಜನ. ಗಂಡ ವಿಜೇತ್ ಟೈಲ್ಸ್ ಹಾಕುವ ಕೆಲಸಕ್ಕೆ ಹೋಗುತ್ತಾನೆ. ಮಗಳು ರಶ್ಮಿತಾ ಪ್ಲಸ್ ಟು. ಅತ್ತೆ ಕಿನ್ನಿ ಚಾವಡಿಯ ಪಕ್ಕದ ಕೋಣೆಯಲ್ಲಿ ಮಲಗಿದಲ್ಲೇ. ನಮಿತಾ ಹರಿತ ಕರ್ಮ ಸೇನೆಯವಳು. ಹಸಿರು ಕೋಟು ಹಾಕಿ ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಚೀಲ, ಬಾಟಲಿ ಒಟ್ಟುಮಾಡಿ, ಶೆಡ್ಡಿನಲ್ಲಿ ಕೂತು ವಿಂಗಡಿಸುವ ಕೆಲಸ.

ಕಿನ್ನಿಗೆ ಮರೆವು ಹಿಡಿದು ಕೆಲವು ವರ್ಷಗಳಾಗಿದ್ದವು. ಮೊದಲು ಹೆಸರು ಹೋಯಿತು, ಆಮೇಲೆ ಮುಖ, ಆಮೇಲೆ ನಡಿಗೆ. ಈ ಸಲ ಶಾಲೆ ಸುರುವಾಗುವ ಹೊತ್ತಿಗೆ ಊಟವೂ ಹೋಯಿತು. ನುಂಗಲು ತೊಂದರೆ ಇರಲಿಲ್ಲ. ಬಾಯಿಯೇ ತೆರೆಯುತ್ತಿರಲಿಲ್ಲ. ಚಮಚ ತುಟಿಗೆ ತಾಗಿದರೆ ಸಾಕು, ಬಾಗಿಲು ಹಾಕಿಕೊಂಡ ಹಾಗೆ ತುಟಿ ಬಿಗಿ.

ನಮಿತಾ ಬೆಳಿಗ್ಗೆ ಎದ್ದು ಕುಚ್ಚಲಕ್ಕಿ ಬೇಯಲು ಇಟ್ಟು, ಅತ್ತೆಯ ಬಟ್ಟೆ ಬದಲಿಸಿ, ಬೆನ್ನಿಗೆ ಪೌಡರ್ ಹಾಕಿ, ಮಗ್ಗುಲು ತಿರುಗಿಸಿ, ಗಂಜಿಯನ್ನು ನುಣ್ಣಗೆ ಮಸೆದು ಎದುರು ಕೂತುಕೊಳ್ಳುತ್ತಿದ್ದಳು. ಒಂದು ಸಣ್ಣ ಬಟ್ಟಲು ಖಾಲಿ ಮಾಡಿಸುವಷ್ಟರಲ್ಲಿ ಜೊತೆಯ ಹೆಂಗಸರು ಎರಡು ಸಲ ಫೋನ್ ಮಾಡಿ ಆಗುತ್ತಿತ್ತು. ಮಧ್ಯಾಹ್ನ ಓಡಿ ಬಂದು ಮತ್ತೆ ಅದೇ. ಸಂಜೆಗೂ ಅದೇ.

"ಬಾಯಿ ತೆರೀರಿ ಅತ್ತೆ. ನಿಮ್ಮ ಕಾಲು ಹಿಡೀತೇನೆ, ಒಮ್ಮೆ ತೆರೀರಿ."

ಕಿನ್ನಿ ಗೋಡೆಯ ಕಡೆ ತಿರುಗುತ್ತಿದ್ದರು.

ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ತಿಂಗಳ ಭೇಟಿಗೆ ಬಂದವರು ತೋಳು ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು. "ಕ್ಷೀಣ ಉಂಟು. ಹೀಗೇ ಹೋದ್ರೆ ಮೂಗಿಗೆ ಟ್ಯೂಬ್ ಇಡ್ಬೇಕಾಗ್ತದೆ."

"ಟ್ಯೂಬ್ ಇಟ್ರೆ ಎಳೀತಾರಲ್ಲ ಸಿಸ್ಟರ್?"

"ಎಳೀತಾರೆ. ಆಗ ಕೈ ಕಟ್ಬೇಕಾಗ್ತದೆ, ಮೆಲ್ಲ. ಅದಕ್ಕೆ ಮೊದಲು ಬೇರೆ ಎಂತಾದ್ರೂ ಮಾಡಿ ನೋಡಿ. ಮಾತು ಹೋದ್ರೂ ಹಾಡು ಹೋಗ್ಲಿಕ್ಕಿಲ್ಲ ಕೆಲವರಿಗೆ."

ಕೈ ಕಟ್ಟುವುದನ್ನು ನಮಿತಾ ಕಂಡಿದ್ದಳು, ತನ್ನ ಅಮ್ಮನಿಗೆ, ಆಸ್ಪತ್ರೆಯಲ್ಲಿ, ಬ್ಯಾಂಡೇಜ್ ಬಟ್ಟೆಯಲ್ಲಿ. ಆ ರಾತ್ರಿ ಊಟಕ್ಕೆ ಕೂತಾಗ ಬಂಗುಡೆ ಸಾರು ಬಡಿಸುತ್ತ ಗಂಡನಿಗೆ ಹೇಳಿದಳು, "ಅತ್ತೆಗೆ ಟ್ಯೂಬ್ ಬೇಡ."

"ನಾನು ಬೇಕು ಅಂತ ಹೇಳಿದ್ನಾ? ತಿನ್ನಬೇಕಲ್ಲ ಅವರು."

"ಹಾಡು ಹೇಳ್ಬೇಕಂತೆ."

"ಹೇಳು. ಯಾರು ಬೇಡ ಹೇಳಿದ್ದು?" ವಿಜೇತ್ ಮೊಣಕಾಲು ನೀವಿಕೊಳ್ಳುತ್ತ ಮೀನಿನ ಮುಳ್ಳು ಬಿಡಿಸುತ್ತಿದ್ದ.

ಹಾಡು ಎಂದರೆ ಈ ಮನೆಯಲ್ಲಿ ಕಿನ್ನಿಯದ್ದೇ. ಎದುರಿನ ಗದ್ದೆಯಲ್ಲಿ ನೇಜಿ, ಎಂದರೆ ಭತ್ತದ ಸಸಿ, ನೆಡುವ ಕಾಲಕ್ಕೆ ಸಾಲಿನ ಮೊದಲಿಗೆ ಅವರು. ಅವರು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ಬಗ್ಗಿದಲ್ಲಿಂದಲೇ ಅದನ್ನು ಹಿಡಿದು ಹೇಳುತ್ತಿದ್ದರು. ಅದೆಲ್ಲ ನಿಂತು ಹದಿನೈದು ಮಳೆಗಾಲವಾದರೂ ಆಗಿದೆ. ರಶ್ಮಿತಾ ಫೋನಿನಲ್ಲಿ ಯಾರೋ ಹಾಡಿದ ನೇಜಿ ಹಾಡು ಹುಡುಕಿ ಅಜ್ಜಿಯ ಕಿವಿಯ ಹತ್ತಿರ ಇಟ್ಟಳು. ಕಿನ್ನಿ ನೊಣ ಓಡಿಸುವ ಹಾಗೆ ಕೈ ಬೀಸಿದರು. ನಮಿತಾ ಸ್ವತಃ ಎರಡು ಸಾಲು ಹೇಳಿದಳು, ಹಾಡಿನ ಅರ್ಧ ಮಾತು ನೆನಪಿತ್ತು, ಅರ್ಧ ಇಲ್ಲ.

"ತಪ್ಪು," ಎಂದರು ಕಿನ್ನಿ. ಅವರಲ್ಲಿ ಉಳಿದಿದ್ದ ಕೆಲವೇ ಶಬ್ದಗಳಲ್ಲಿ ಅದೊಂದು.

"ಅಜ್ಜಿ ಪರೀಕ್ಷೆ ಪೇಪರ್ ನೋಡಿದ ಹಾಗೆ ಹೇಳಿದ್ರು," ಎಂದು ರಶ್ಮಿತಾ ನಕ್ಕಳು. ನಮಿತಾಳಿಗೂ ನಗು ಬಂತು, ಆದರೆ ಗಂಜಿ ಬಟ್ಟಲಿನಲ್ಲೇ ಉಳಿಯಿತು.

ಆ ವಾರವೇ ಶೆಡ್ಡಿನಲ್ಲಿ ಒಂದು ಗೋಣಿಯಿಂದ ಕೆನೆಬಣ್ಣದ ಪ್ಲಾಸ್ಟಿಕ್ ಕೊಳವೆಯೊಂದು ಬಿತ್ತು. ಮೂತಿ ಸೀಟಿಯ ಹಾಗೆ, ಮೈತುಂಬ ತೂತು. ಯಾವುದೋ ಗಲ್ಫಿನವರ ಮನೆಯ ಮಕ್ಕಳದ್ದಿರಬೇಕು. ನಮಿತಾ ಅದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿಟ್ಟಳು.

"ಕೊಳಲು ಸಿಕ್ಕಿತು ನೋಡು."

"ಕೊಳಲಲ್ಲ ಅಮ್ಮ, ಇದು ರೆಕಾರ್ಡರ್. ಕೊಳಲು ಅಡ್ಡ ಹಿಡಿಯೂದು, ಇದು ನೆಟ್ಟಗೆ. ದೊಡ್ಡ ಫೀಸಿನ ಶಾಲೆಯಲ್ಲೆಲ್ಲ ಸಣ್ಣ ಮಕ್ಕಳಿಗೆ ಕಲಿಸ್ತಾರೆ," ಎಂದಳು ರಶ್ಮಿತಾ.

"ಇದರಲ್ಲಿ ಮಾತು ಇಲ್ಲವಲ್ಲ, ರಾಗ ಮಾತ್ರ. ಅಜ್ಜಿ ಎಂತದ್ದಕ್ಕೆ ತಪ್ಪು ಹೇಳ್ತಾರೆ?"

ವಿಜೇತನ ಮುಖ ಹುಳಿಯಾಯಿತು. "ಕಸದಲ್ಲಿ ಸಿಕ್ಕಿದ್ದನ್ನು ಬಾಯಿಗೆ ಇಡ್ತೀಯಾ? ಯಾರದ್ದೋ ಎಂಜಲು."

"ನೀವು ಪೇಟೆಯಲ್ಲಿ ಚಾ ಕುಡಿಯುವ ಗ್ಲಾಸು ಯಾರ ಎಂಜಲೂ ಅಲ್ವಾ?"

"ಅದಕ್ಕೂ ಇದಕ್ಕೂ..."

"ಅದನ್ನು ಅವರು ತೊಳೆದದ್ದು ನೀವು ನೋಡಿದ್ದೀರಾ? ಇದನ್ನು ನಾನೇ ತೊಳ್ದದ್ದು."

ಫೋನಿನ ವಿಡಿಯೊ ನೋಡಿ ರಶ್ಮಿತಾ ಕಲಿಸಿದಳು. ಎಡಗೈಯ ಹೆಬ್ಬೆರಳು ಹಿಂದಿನ ತೂತಿಗೆ, ತೋರುಬೆರಳು ಮುಂದಿನ ಮೊದಲ ತೂತಿಗೆ. ಅದು ಒಂದು ಸ್ವರ. ಇನ್ನೊಂದು ಬೆರಳು ಮುಚ್ಚಿದರೆ ಕೆಳಗಿನ ಸ್ವರ. ಕೇಳಲು ಸುಲಭ. ನಮಿತಾ ಊದಿದರೆ ಗಿಡುಗ ಹೊತ್ತೊಯ್ದ ಕೋಳಿಮರಿಯ ಹಾಗೆ ಕಿರುಚುತ್ತಿತ್ತು.

"ಜೋರು ಊದ್ಬೇಡ ಅಮ್ಮ. ಮೆಲ್ಲ."

"ಮೆಲ್ಲ ಅಂದ್ರೆ ಎಷ್ಟು ಮೆಲ್ಲ?"

"ಮೆಲ್ಲ ಅಂದ್ರೆ... ಗಂಜಿ ಆರಿಸ್ತಿಯಲ್ಲ, ಹಾಗೆ."

ಅದು ನಮಿತಾಳಿಗೆ ಅರ್ಥವಾಯಿತು. ಗಂಜಿ ಆರಿಸುವ ಉಸಿರಿಗೆ ಕೊಳವೆ ಸೌಮ್ಯವಾಗಿ ಮಾತಾಡಿತು. ಆದರೆ ಬೆರಳಿನದ್ದು ಬೇರೆ ಕಷ್ಟ. ದಿನವಿಡೀ ಪ್ಲಾಸ್ಟಿಕ್ ಹರಿದು ಹರಿದು ಅವಳ ಬೆರಳ ತುದಿ ಬಿರುಕು ಬಿಟ್ಟಿತ್ತು. ತೂತು ಮುಚ್ಚಿದರೂ ಬಿರುಕಿನಲ್ಲಿ ಗಾಳಿ ಸೋರಿ ಸ್ವರ ಒಡೆಯುತ್ತಿತ್ತು. ತೆಂಗಿನೆಣ್ಣೆ ಹಚ್ಚಿದರೆ ಬೆರಳು ಜಾರುತ್ತಿತ್ತು. ಕೊನೆಗೆ ಎಣ್ಣೆ ಹಚ್ಚಿ, ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಹಿಡಿಯುವುದು ರೂಢಿಯಾಯಿತು. ಪಾತ್ರೆ ತೊಳೆದ ಮೇಲೆ, ಬಟ್ಟೆ ಮಡಚುವ ಮೊದಲು, ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಊದುತ್ತಿದ್ದಳು. ಕೆಲವು ದಿನ ಕೊಳವೆ ಬಾಯಲ್ಲಿರುವಾಗಲೇ ತೂಕಡಿಕೆ.

ಯಾವ ಹಾಡು ಕಲಿಯುವುದು ಎಂದು ಯೋಚಿಸಬೇಕಾಗಿ ಬರಲಿಲ್ಲ. ಬೋವಿಕಾನದ ಕಡೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಅವಳೂ ಅತ್ತೆಯ ಹಿಂದೆ ಎರಡು ಮಳೆಗಾಲ ನೇಜಿ ನೆಟ್ಟಿದ್ದಳು. ಆ ದಿನಗಳ ಒಂದೇ ರಾಗ ಅವಳಿಗೆ ಮೊದಲಿನಿಂದ ಕೊನೆಯವರೆಗೆ ನೆನಪಿತ್ತು. ನಾಲ್ಕೈದು ಸ್ವರದಲ್ಲೇ ಹತ್ತಿ ಇಳಿಯುವ ರಾಗ. ಹಾಗಾಗಿ ಅದನ್ನೇ ಹಿಡಿದಳು. ಎರಡು ವಾರಕ್ಕೆ ಅದು ಕೇಳುವ ಹಾಗಾಯಿತು.

ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಅತ್ತೆಯ ಎದುರು ಕೂತು ಊದಿದಳು. ಕಿನ್ನಿ ಕಣ್ಣು ತೆರೆದರು. ಕುತ್ತಿಗೆ ಎತ್ತಿದರು. ತಿಂಗಳುಗಳಿಂದ ಯಾರನ್ನೂ ನೋಡದ ಕಣ್ಣು ಕೊಳವೆಯ ಮೇಲೆ ನಿಂತಿತು.

"ರಶ್ಮಿ, ಬಾ ಇಲ್ಲಿ! ಅಜ್ಜಿ ನೋಡ್ತಾ ಇದ್ದಾರೆ!"

ಕಿನ್ನಿ ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿದರು. ಆಮೇಲೆ ಮುಂಗೈ ಉಜ್ಜಿದರು. ಸೀರೆಯನ್ನು ಮೊಣಕಾಲಿನಿಂದ ಕೆಳಗೆ ಎಳೆದರು. ನಮಿತಾ ಸಂತೋಷದಿಂದ ಕೊಳವೆ ಕೆಳಗಿಟ್ಟು ಗಂಜಿ ಎತ್ತಿದಳು. ತುಟಿ ಬಿಗಿ. ಮತ್ತೆ ಊದಿದಳು, ಮತ್ತೆ ಕೈ ಉಜ್ಜಿದರು, ಮತ್ತೆ ಬಿಗಿ. ಮರುದಿನ ಮಂಚದಿಂದ ಕಾಲು ಇಳಿಸಲು ನೋಡಿದರು. ಅದರ ಮರುದಿನ ಚಮಚವನ್ನು ತಳ್ಳಿಯೇಬಿಟ್ಟರು, ಗಂಜಿ ಹಾಸಿಗೆಯೆಲ್ಲ ಆಯಿತು. ಮೊದಲು ಹೇಗೋ ಹೋಗುತ್ತಿದ್ದ ಸಣ್ಣ ಬಟ್ಟಲೂ ಈಗ ಹೋಗುತ್ತಿರಲಿಲ್ಲ.

ಆದಿತ್ಯವಾರ ವಿಜೇತನ ಅಕ್ಕ ಬೇಬಿ ಕುಂಬಳೆಯಿಂದ ಬಂದಳು. ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ, ಕಿತ್ತಳೆ. ಅಮ್ಮನ ಕೆನ್ನೆ ನೋಡಿದವಳು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

"ಎಂತ ಮಾಡಿಟ್ಟಿದ್ದೀರಿ ನನ್ನ ಅಮ್ಮನನ್ನು? ಎಲುಬು ಮಾತ್ರ ಉಂಟು!"

"ತಿನ್ನೂದಿಲ್ಲ ಬೇಬಿಯಕ್ಕ."

"ತಿನ್ನೂದಿಲ್ಲವೋ, ನೀವು ಕೊಡೂದಿಲ್ಲವೋ? ದಾರಿಯಲ್ಲಿ ಬರುವಾಗಲೇ ಹೇಳಿದ್ರು, ನಿನ್ನ ಪೀಪಿ ಕೇಳ್ತಾ ಉಂಟಂತೆ ಬೀದಿಗೆಲ್ಲ. ನೀನು ಪೀಪಿ ಊದ್ತಾ ಕೂತ್ರೆ ಅಮ್ಮನ ಹೊಟ್ಟೆ ತುಂಬ್ತದಾ?"

"ಎರಡು ದಿನ ನೀವೇ ಕೂತು ತಿನ್ಸಿ ನೋಡಿ ಅಕ್ಕ. ನಾನು ಬೇಡ ಹೇಳೂದಿಲ್ಲ."

"ನನಗೆ ಮನೆಯಲ್ಲಿ ಸಣ್ಣ ಮೊಮ್ಮಗು ಉಂಟು."

"ಹೌದು. ಎಲ್ಲರಿಗೂ ಒಂದೊಂದು ಉಂಟು. ನನಗೆ ಮಾತ್ರ ಎಂತದ್ದೂ ಇಲ್ಲ."

"ನಮಿತಾ," ಎಂದ ವಿಜೇತ್, ಗೋಡೆ ನೋಡಿಕೊಂಡು.

"ನೀವು ನನಗೆ ಎಂತ ನಮಿತಾ ಹೇಳೂದು? ಅಕ್ಕನಿಗೆ ಹೇಳಿ. ಇಲ್ಲದಿದ್ರೆ ನನಗಾದ್ರೂ ಸರಿಯಾಗಿ ಬೈಯಿರಿ. ಗೋಡೆ ಹತ್ರ ಎಂತ ಮಾತು?"

ಬೇಬಿ ಕಿತ್ತಳೆ ಸುಲಿದು ಅಮ್ಮನ ತುಟಿಗೆ ಒಂದು ಸೊಳೆ ಇಟ್ಟಳು. ತುಟಿ ಬಿಗಿಯಾಯಿತು. ಇನ್ನೊಂದು ಸಲ ಇಟ್ಟಳು. ರಸ ಗಲ್ಲದ ಮೇಲೆ ಇಳಿಯಿತು. ಅವಳು ಸೆರಗಿನಿಂದ ಒರೆಸಿ, ಹಾಗೇ ಕಣ್ಣನ್ನೂ ಒರೆಸಿಕೊಂಡಳು. ಹೋಗುವಾಗ ಸ್ವರ ಇಳಿದಿತ್ತು. "ಬರುವ ಆದಿತ್ಯವಾರ ಅಳಿಯನ ಕಾರು ತರ್ತೇನೆ. ಮಂಗಳೂರಿಗೆ ಕರ್ಕೊಂಡು ಹೋಗಿ ಟ್ಯೂಬ್ ಹಾಕಿಸುವ. ಇನ್ನು ಇದಕ್ಕೆ ಮಾತಿಲ್ಲ."

ವಿಜೇತ್ ಹೂಂ ಎಂದ.

ಬುಧವಾರ ಶೆಡ್ಡಿಗೆ ರಜೆ. ಮಧ್ಯಾಹ್ನ ನಮಿತಾ ಮೆಟ್ಟಿಲಲ್ಲಿ ಕೂತಿದ್ದಳು. ಅತ್ತೆಯ ಎದುರು ಊದುವುದನ್ನು ಬಿಟ್ಟಿದ್ದಳು. ಕೈಗೆ ರೂಢಿಯಾದದ್ದಕ್ಕೆ ಸುಮ್ಮನೆ ಊದುತ್ತಿದ್ದಳು. ಹಾಲಿನ ಕ್ಯಾನು ಹಿಡಿದು ಉಗ್ಗಪ್ಪ ದಾರಿಯಲ್ಲಿ ಬಂದ. ಹಿಂದೆ ಇದೇ ಗದ್ದೆಗೆ ಕೋಣ ಕಟ್ಟಿ ಹೂಡುತ್ತಿದ್ದ ಮುದುಕ. ಬೇಲಿಯ ಹತ್ತಿರ ನಿಂತು ಆಕಾಶ ನೋಡಿದ, ಮತ್ತೆ ಇವಳನ್ನು ನೋಡಿದ.

"ಎಂತ ಮಾರಾಯ್ತಿ, ಸೂರ್ಯ ನೆತ್ತಿ ಮೇಲೆ ಉಂಟು. ಇಷ್ಟು ಬೇಗ ಎಲ್ಲರನ್ನೂ ಮನೆಗೆ ಕಳಿಸ್ತಿಯಾ?"

"ಯಾರನ್ನು ಕಳಿಸೂದು ಉಗ್ಗಪ್ಪಣ್ಣ?"

"ಇದು ಗದ್ದೆಯಿಂದ ಏಳುವ ಹಾಡಲ್ವಾ? ಕೊನೆಯ ಕಟ್ಟು ನೇಜಿ ನೆಟ್ಟ ಮೇಲೆ ಹೇಳೂದು. ಇದನ್ನು ಹೇಳ್ತಾ ಕೈಕಾಲು ತೊಳೆಯೂದು, ಸೀರೆ ಇಳಿಸೂದು, ಮನೆಗೆ ಹೋಗೂದು. ಇದು ಸುರುವಾದ ಮೇಲೆ ಗದ್ದೆಯಲ್ಲಿ ಯಾರೂ ಒಂದು ಹನಿ ನೀರೂ ಬಾಯಿಗೆ ಹಾಕ್ಲಿಕ್ಕಿಲ್ಲ. ನಿನಗೆ ಗೊತ್ತಿಲ್ವಾ?"

ನಮಿತಾ ಕೊಳವೆಯನ್ನು ಮಡಿಲಿಗೆ ಹಾಕಿಕೊಂಡಳು. ಕೈ ಉಜ್ಜುತ್ತಿದ್ದ ಅತ್ತೆ ಕಣ್ಣೆದುರು ಬಂದರು. ಕೆಸರು ತೊಳೆಯುತ್ತಿದ್ದರು. ಮಂಚದಿಂದ ಇಳಿದು ಮನೆಗೆ ಹೊರಟಿದ್ದರು. ಊಟ ಮಾಡಿ ಎಂದು ಅವಳು ಹಿಂದಿನಿಂದ ಎಳೆಯುತ್ತಿದ್ದಳು.

"ನನಗೆ ಪೂರ್ತಿ ಬರೂದು ಇದೊಂದೇ ಉಗ್ಗಪ್ಪಣ್ಣ," ಎಂದಳು. "ಬೆನ್ನು ನೋವಿನಲ್ಲಿ ಇದನ್ನೇ ಕಾಯ್ತಾ ಇದ್ದೆ ಬೆಳಿಗ್ಗೆಯಿಂದ. ಇದು ಎದ್ರೆ ಆಯ್ತು, ಇನ್ನು ಬಗ್ಗಲಿಕ್ಕಿಲ್ಲ ಅಂತ."

"ಎಲ್ಲರಿಗೂ ಹಾಗೇ." ಉಗ್ಗಪ್ಪ ಕ್ಯಾನು ಕೆಳಗಿಟ್ಟ. "ಗಂಜಿ ಹೊತ್ತಿಗೆ ಬೇರೆ ಇತ್ತು. ಕಿನ್ನಿಯಕ್ಕ ಅದನ್ನು ಎತ್ತಿದ್ರೆ ನಮಗೆಲ್ಲ ಹೊಟ್ಟೆಯಲ್ಲಿ ಹಸಿವಿನ ಬೆಂಕಿ."

"ಅದು ಬರ್ತದಾ ನಿಮಗೆ?"

ಉಗ್ಗಪ್ಪ ಹಲ್ಲಿಲ್ಲದ ಬಾಯಲ್ಲಿ ಗುನುಗಿದ. ಚಿಕ್ಕ ಚಿಕ್ಕ ಹೆಜ್ಜೆಯ ರಾಗ. ಎರಡು ಸಲ ಕೆಳಗೆ ಇಳಿದು, ಮೂರನೆಯದಕ್ಕೆ ಮೇಲೆ ಹೋಗಿ, ಅಲ್ಲೇ ನಿಂತಿತು.

"ಮುಂದೆ?"

"ಮುಂದೆ ಎಂತ ಮುಂದೆ? ಅಷ್ಟು ಕೇಳಿದ್ರೆ ಸಾಕು, ಗಂಜಿಯ ಹಂಡೆ ತರ್ಲಿಕ್ಕೆ ನಾವು ಗಂಡಸರು ಮೇಲೆ ಮನೆಗೆ ಓಡೂದು. ಹೊತ್ತುಕೊಂಡು ವಾಪಸು ಬರುವಾಗ ಹಾಡು ಮುಗಿದಿರ್ತದೆ. ಕೊನೆ ನಾನು ಕೇಳಿದ್ದೇ ಇಲ್ಲ ನೋಡು."

"ಬೇರೆ ಯಾರಿಗಾದ್ರೂ?"

"ಕಿನ್ನಿಯಕ್ಕನ ಸಾಲಿನ ಹಳಬರು ಯಾರು ಉಳಿದಿದ್ದಾರೆ? ಅವರೇ ಒಬ್ಬರು."

ನಮಿತಾ ಅವನಿಗೆ ಒಂದು ಚಾ ಮಾಡಿ ಕೊಟ್ಟು, ಅದನ್ನೇ ಮತ್ತೆ ಮತ್ತೆ ಗುನುಗಿಸಿದಳು. ಹಾಲಿನ ಸೊಸೈಟಿಗೆ ಹೊತ್ತಾಯಿತು ಎಂದು ಅವನು ಗೊಣಗುತ್ತ ಎದ್ದ. ಸಂಜೆ ರಶ್ಮಿತಾ ಬಂದು ಸ್ವರ ಹುಡುಕಿಕೊಟ್ಟಳು. ಈ ರಾಗಕ್ಕೆ ಬಲಗೈಯ ಬೆರಳೂ ಬೇಕಿತ್ತು. ಬಿರುಕು ಜಾಸ್ತಿ ಇದ್ದದ್ದು ಆ ಕೈಯಲ್ಲೇ. ಎಣ್ಣೆ ಹಚ್ಚಿ, ಒರೆಸಿ, ಊದಿದಳು. ಗುರುವಾರ ಸ್ವರ ಒಡೆಯಿತು. ಶುಕ್ರವಾರವೂ ಒಡೆಯಿತು. ಸಾರಿಗೆ ಉಪ್ಪು ಹಾಕುವುದು ಮರೆತಳು. ವಿಜೇತ್ ತಾನೇ ಉಪ್ಪು ಹಾಕಿಕೊಂಡು ಉಂಡ.

ಶನಿವಾರ ಟೈಲ್ಸಿನ ಲೋಡು ಬರಲಿಲ್ಲವೆಂದು ವಿಜೇತ್ ಮನೆಯಲ್ಲಿದ್ದ. ಮಧ್ಯಾಹ್ನ ಗಂಜಿ ಮಸೆದು, ಅತ್ತೆಯನ್ನು ದಿಂಬಿಗೆ ಒರಗಿಸಿ, ನಮಿತಾ ಕೊಳವೆ ಹಿಡಿದು ಕೂತಳು. ಆಗ ಹೊಳೆಯಿತು. ಇಷ್ಟು ದಿನ ಊದಿ, ಕೆಳಗಿಟ್ಟು, ಚಮಚ ಎತ್ತುವಷ್ಟರಲ್ಲಿ ಹಾಡು ಆರಿಹೋಗುತ್ತಿತ್ತು.

"ಬನ್ನಿ ಇಲ್ಲಿ. ಚಮಚ ಹಿಡೀರಿ."

"ನಾನಾ?" ವಿಜೇತ್ ಬಾಗಿಲಲ್ಲೇ ನಿಂತ. "ನನಗೆ ಬರ್ಲಿಕ್ಕಿಲ್ಲ."

"ನನಗೆ ಇದು ಬರ್ತಿತ್ತಾ?"

"ರಶ್ಮಿಗೆ ಹೇಳು."

"ರಶ್ಮಿ ಟ್ಯೂಷನ್ನಿಂದ ಬರೂದು ಮೂರು ಗಂಟೆಗೆ. ಗಂಜಿ ಅಷ್ಟರವರೆಗೆ ಕಾಯ್ತದಾ?"

"ಅದು ಹೆಂಗಸರು..."

"ಪೂರ್ತಿ ಹೇಳಿ. ಹೆಂಗಸರು ಎಂತ?"

ವಿಜೇತ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನನಗೆ ಕೈ ಇರೂದು ಎರಡು. ಇದಕ್ಕೆ ಎರಡೂ ಬೇಕು. ನಾಳೆ ನಿಮ್ಮ ಅಕ್ಕ ಕಾರು ತರ್ತಾರೆ. ಅಲ್ಲಿ ನಿಮ್ಮ ಅಮ್ಮನ ಎರಡು ಕೈಯೂ ಕಟ್ತಾರೆ. ಅದನ್ನು ನೋಡ್ಲಿಕ್ಕೆ ಬರ್ತದಾ ನಿಮಗೆ?"

ಅವನು ಬಂದು ಕೂತ. ಸಿಮೆಂಟು ತಿಂದ ಬೆರಳುಗಳಲ್ಲಿ ಸಣ್ಣ ಚಮಚ ಕಾಣುತ್ತಲೇ ಇರಲಿಲ್ಲ. ಮೊದಲ ಸಲ ತುಂಬ ತುಂಬಿಸಿದ.

"ಅರ್ಧ. ಅರ್ಧ ಸಾಕು. ನೀವು ಗಾರೆ ಹಾಕೂದಲ್ಲ."

ನಮಿತಾ ಊದಿದಳು. ಎರಡು ಸಲ ಕೆಳಗೆ, ಮೂರನೆಯದಕ್ಕೆ ಮೇಲೆ. ಒಮ್ಮೆ ಒಡೆಯಿತು, ಮತ್ತೆ ಹಿಡಿದಳು. ಕಿನ್ನಿ ಕಣ್ಣು ತೆರೆದರು. ಈ ಸಲ ಕೈ ಉಜ್ಜಲಿಲ್ಲ. ಕೊಳವೆಯನ್ನೂ ನೋಡಲಿಲ್ಲ. ಬಾಗಿಲ ಕಡೆ ನೋಡಿದರು, ಯಾರೋ ಎಂತದ್ದೋ ಹೊತ್ತು ತರುವವರಿದ್ದ ಹಾಗೆ. ರಾಗ ಮೇಲೆ ಹೋಗಿ ನಿಂತಿತು. ಮುಂದಿನದು ನಮಿತಾಳಿಗೆ ಗೊತ್ತಿರಲಿಲ್ಲ, ಹಾಗಾಗಿ ಉಸಿರು ಬಿಟ್ಟಳು.

ಕಿನ್ನಿಯ ಬಾಯಿ ತೆರೆಯಿತು.

"ಕೊಡಿ, ಕೊಡಿ," ಎಂದಳು ನಮಿತಾ, ಕೊಳವೆ ತುಟಿಯಲ್ಲೇ ಇಟ್ಟುಕೊಂಡು.

ವಿಜೇತ್ ಚಮಚ ಇಟ್ಟ. ನುಂಗಿದರು. ನಮಿತಾ ಮೊದಲಿನಿಂದ ಊದಿದಳು. ನಿಂತಲ್ಲಿ ಮತ್ತೆ ಬಾಯಿ ತೆರೆಯಿತು. ಹೀಗೆ ಅರ್ಧ ಬಟ್ಟಲು. ವಿಜೇತನ ಅಂಗಿಯ ಬೆನ್ನು ಬೆವರಿನಲ್ಲಿ ಒದ್ದೆಯಾಗಿತ್ತು. ಮುಗಿದ ಮೇಲೆ ಅವನು ಅಮ್ಮನ ಬಾಯಿ ಒರೆಸಿ, ಚಮಚವನ್ನು ಒಂದು ಸಲ ತಿರುಗಿಸಿ ನೋಡಿ, "ನಿನಗೆ ದಿನಾ ಇಷ್ಟು ಹೊತ್ತು ಆಗ್ತದಾ?" ಎಂದ.

"ಇವತ್ತು ಬೇಗ ಆಯ್ತು."

ಆದಿತ್ಯವಾರ ಬೇಬಿ ಬಂದಾಗ ಕಾರು ದಾರಿಯಲ್ಲಿ ಎಂಜಿನ್ ಆರಿಸದೆ ನಿಂತಿತ್ತು. ಒಳಗೆ ಮಂಚದ ತುದಿಯಲ್ಲಿ ಕೂತು ತಮ್ಮನೇ ಅಮ್ಮನಿಗೆ ಗಂಜಿ ಕೊಡುವುದನ್ನು ನೋಡಿ ಅವಳು ಚಪ್ಪಲಿ ಕಳಚುವುದನ್ನೂ ಮರೆತಳು.

"ನೀನು ಯಾವಾಗಿಂದ?"

"ನಿನ್ನೆಯಿಂದ. ಮಾತಾಡ್ಬೇಡ ಅಕ್ಕ, ಹಾಡು ತಪ್ತದೆ."

ಬೇಬಿ ಹೊರಗೆ ಹೋಗಿ ಅಳಿಯನಿಗೆ ಎಂಜಿನ್ ಆರಿಸಲು ಹೇಳಿ ಬಂದಳು. ಮಂಗಳೂರಿಗೆ ಹೋಗುವುದನ್ನು ಯಾರೂ ಬೇಡ ಎನ್ನಲಿಲ್ಲ. ಮುಂದಿನ ವಾರ ನೋಡುವ ಎಂದಾಯಿತು. ಹೋಗುವಾಗ ಅವಳು ನಮಿತಾಳ ಕೈ ಹಿಡಿದು ಬೆರಳಿನ ಬಿರುಕು ನೋಡಿ, "ಇದಕ್ಕೆ ಮುಲಾಮು ತರ್ತೇನೆ," ಎಂದಳು. ಪೀಪಿಯ ವಿಷಯ ಎತ್ತಲಿಲ್ಲ.

ಎಲ್ಲ ದಿನವೂ ಹಾಗೆ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಕಿನ್ನಿ ಕಣ್ಣೇ ತೆರೆಯುವುದಿಲ್ಲ. ಕೆಲವು ದಿನ ವಿಜೇತನ ಕೆಲಸ ದೂರ, ಆಗ ರಶ್ಮಿತಾ ಶಾಲೆಗೆ ತಡವಾಗಿ ಹೋಗುತ್ತಾಳೆ, ಟೀಚರ್ ಬೈಯುತ್ತಾರೆ. ನಮಿತಾಳಿಗೆ ದಣಿವು ಇಳಿದಿಲ್ಲ. ತಿನ್ನಿಸುವ ಹೊತ್ತು ಊದುವ ಹೊತ್ತಾಗಿದೆ, ಅಷ್ಟೆ. ಸಿಸ್ಟರ್ ಬಂದು ತೋಳು ಮುಟ್ಟಿ ನೋಡಿ, "ಹಾಗೇ ಉಂಟು, ಕೆಳಗೆ ಹೋಗ್ಲಿಲ್ಲ," ಎಂದರು. ಈಚೆಗೆ ಉಗ್ಗಪ್ಪ ಸೊಸೈಟಿಗೆ ಹೋಗುವಾಗ ಬೇಲಿಯ ಹತ್ತಿರ ಸ್ವಲ್ಪ ನಿಂತು ಹೋಗುತ್ತಾನೆ. ಮುಂದಿನ ಸಾಲು ನೆನಪಾಯಿತೇ ಎಂದು ನಮಿತಾ ಕೇಳುತ್ತಾಳೆ. ಇಲ್ಲ ಎನ್ನುತ್ತಾನೆ.

ರಾಗ ಮೇಲೆ ಹೋಗಿ ನಿಲ್ಲುವ ಆ ಜಾಗದಲ್ಲಿ ಕಿನ್ನಿ ಬಾಯಿ ತೆರೆಯುತ್ತಾರೆ. ಗಂಜಿಗೆಂದು ತೆರೆಯುತ್ತಾರೋ, ಯಾರೂ ಹೇಳದ ಮುಂದಿನ ಸಾಲನ್ನು ತಾವೇ ಎತ್ತಲೆಂದು ತೆರೆಯುತ್ತಾರೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಾದು ನೋಡೋಣ ಎಂದರೆ ಗಂಜಿ ಆರುತ್ತದೆ. ಬಾಯಿ ತೆರೆದ ಕೂಡಲೇ ವಿಜೇತ್ ಚಮಚ ಇಡುತ್ತಾನೆ.

ಹಾಡು ಹೇಗೆ ಮುಗಿಯುತ್ತದೆ ಎಂಬುದು ಇದನ್ನು ಹೇಳಿದವರಿಗೂ ಗೊತ್ತಿಲ್ಲ.